ಮೊಂಡಾಯಿತೆಂದು ಎಸೆಯುವ ಮುನ್ನ



ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಕಾಡು, ಹೊಳೆ, ಅಣೆಕಟ್ಟು, ಗಣಿಗಳ ಕುರಿತು ಬರೆಯುತ್ತೇವೆ. ಈ ಬಾರಿ ಒಂದು ಗೇಣು ಉದ್ದವೂ ಇಲ್ಲದ ವಸ್ತುವೊಂದರ ಬಗ್ಗೆ ಬರೆಯಬೇಕೆನಿಸಿದೆ. ಅದು ಮೊಂಡಾದ ಡ್ರಿಲ್ ಬಿಟ್. ಹಿರಿಯರ ಮಾತಿನಲ್ಲಿ ಹೇಳುವುದಾದರೆ ಕಬ್ಬಿಣಕ್ಕೆ ತೂತು ಕೊರೆಯುವ ಬೈರಿಗೆ. ಇಷ್ಟು ಸಣ್ಣ ಸಂಗತಿಗೆ ಸಂಪಾದಕೀಯದ ಗೌರವವೇಕೆ ಎಂದು ಕೆಲವರಿಗೆ ಅನಿಸಬಹುದು. ದಯವಿಟ್ಟು ಕೊನೆಯವರೆಗೆ ಓದಿ, ಆಮೇಲೆ ಆಕ್ಷೇಪಿಸಿ.

ನಮ್ಮ ಹಳ್ಳಿಗಳ ಅನೇಕ ಮನೆಗಳಲ್ಲಿ ಇಂದು ಕೊಟ್ಟಿಗೆಯ ಪಕ್ಕದ ಮಾಡಿನಲ್ಲೊಂದು ಪುಟ್ಟ ಕಾರ್ಯಾಗಾರವಿರುತ್ತದೆ. ಒಂದು ಕೈ ಡ್ರಿಲ್, ಒಂದು ಸಾಣೆಯಂತ್ರ, ಒಂದಿಷ್ಟು ಸ್ಪಾನರುಗಳು, ತುಕ್ಕು ಹಿಡಿದ ಮೊಳೆಯ ಡಬ್ಬಿ. ಪೇಟೆ ದೂರ; ಮಳೆಗಾಲದಲ್ಲಿ ಇನ್ನೂ ದೂರ. ಪಂಪಿನ ಪೀಠ, ತುಂತುರು ನೀರಾವರಿಯ ಪೈಪಿಗೆ ಹಿಡಿಕೆ, ಅಡಕೆ ಒಣಗಿಸುವ ಗೂಡಿನ ಚೌಕಟ್ಟು, ದಣಪೆಗೊಂದು ತಿರುಗಣಿ, ಹೀಗೆ ವರ್ಷದುದ್ದಕ್ಕೂ ಏನಾದರೊಂದು ದುರಸ್ತಿ ಇದ್ದೇ ಇರುತ್ತದೆ. ಈ ಎಲ್ಲ ಕೆಲಸಗಳಲ್ಲೂ ಮೊದಲು ಕೈಕೊಡುವ ವಸ್ತು ಬಿಟ್. ಅದು ಮೊಂಡಾದೊಡನೆ ಮೂಲೆಗೆ ಎಸೆದು ಹೊಸದನ್ನು ತರಿಸುವುದು ನಮ್ಮೆಲ್ಲರ ರೂಢಿ. ನಾನೂ ಹಾಗೆಯೇ ಮಾಡುತ್ತಿದ್ದೆ. ಆ ರೂಢಿ ನನ್ನಿಂದ ಬಿಟ್ಟುಹೋದದ್ದು ಒಂದು ಅಪಘಾತದಿಂದ. ಅದನ್ನು ಮರೆಮಾಚದೆ ಹೇಳುವುದು ನನ್ನ ಕರ್ತವ್ಯ.

2023ರ ಜುಲೈ ತಿಂಗಳು. ಹಿತ್ತಿಲಿನ ಹಳ್ಳದ ನೀರಿನಿಂದ ದೀಪ ಉರಿಸುವ ನಮ್ಮ ಪುಟ್ಟ ಟರ್ಬೈನಿನ ಪೀಠ ಸಡಿಲಗೊಂಡಿತ್ತು. ಆರು ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿಗೆ ಹತ್ತು ಮಿ.ಮೀ.ನ ನಾಲ್ಕು ತೂತುಗಳು ಬೇಕಿದ್ದವು. ಮೂರು ದಿನಗಳ ನಂತರ ಕರೆಂಟು ಬಂದಿತ್ತು. ಅದು ಮತ್ತೆ ಹೋಗುವುದರೊಳಗೆ ಕೆಲಸ ಮುಗಿಸುವ ಅವಸರ ನನಗೆ. ಪಿಯುಸಿ ಓದುತ್ತಿದ್ದ ಪಕ್ಕದ ಮನೆಯ ಹುಡುಗ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದ. ಮೊದಲ ತೂತಿಗೇ ಬಿಟ್ ಕಿರುಗುಟ್ಟಿತು, ಹೊಗೆ ಬಂತು. ನಾನು ಇಡೀ ಮೈಭಾರ ಹಾಕಿ ಒತ್ತಿದೆ. ಎರಡನೆಯ ತೂತು ಇನ್ನೇನು ಆಚೆ ಬದಿಗೆ ಬೀಳಬೇಕೆನ್ನುವಾಗ ಬಿಟ್ ಗಕ್ಕನೆ ಸಿಕ್ಕಿಕೊಂಡಿತು. ಪಟ್ಟಿ ಗಿರ್ರನೆ ತಿರುಗಿ ಹುಡುಗನ ಹೆಬ್ಬೆರಳನ್ನು ಸೀಳಿತು. ಆ ಮಳೆಯಲ್ಲಿ ಮೂವತ್ತು ಕಿಲೋಮೀಟರು ಜೀಪಿನಲ್ಲಿ ಹೋಗಿ ಏಳು ಹೊಲಿಗೆ ಹಾಕಿಸಿಕೊಂಡು ಬಂದೆವು. ಅವನ ತಾಯಿ ನನಗೆ ಒಂದು ಕಟು ಮಾತನ್ನೂ ಆಡಲಿಲ್ಲ. ಆಡಿದ್ದರೆ ಸಮಾಧಾನವಾಗುತ್ತಿತ್ತೇನೋ.

ಎರಡು ದಿನ ಬಿಟ್ಟು ನಮ್ಮೂರಿನ ಆಚಾರ್ರು ಬಂದರು. ಅವರ ಕುಲುಮೆ ತಣ್ಣಗಾಗಿ ವರ್ಷಗಳೇ ಕಳೆದಿವೆ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಬಿಟ್ಟನ್ನು ಬೆಳಕಿಗೆ ಹಿಡಿದು ನೋಡಿದರು. "ಡಾಕ್ಟ್ರೇ, ತಪ್ಪು ಎರಡು. ಪಟ್ಟಿನ ವೈಸಿಗೆ ಕಚ್ಚಿಸದೆ ಮಾಣಿ ಕೈಲಿ ಕೊಟ್ರಿ, ಅದು ಒಂದು. ಇದ್ರ ಬಾಯಿ ಸತ್ತು ಎಷ್ಟು ಕಾಲ ಆಯ್ತೋ, ಅದು ಇನ್ನೊಂದು. ತೋಟಕ್ಕೆ ಹೋಗೋ ಕತ್ತಿನ ದಿನಾ ಮಸೀತೀರಿ. ಇದನ್ಯಾಕೆ ಮಸಿಯೋದಿಲ್ಲ?" ಎಂದರು.

ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಕಸಿ ಕಟ್ಟುವುದನ್ನು ಕಲಿಯಲು ಬರುವ ವಿದ್ಯಾರ್ಥಿಗಳಿಗೆ ನಾನೇ ಪ್ರತಿವರ್ಷ ಹೇಳುತ್ತೇನೆ: ಮೊಂಡು ಚಾಕು ಗಿಡವನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ, ಜಜ್ಜಿದ ಜಾಗದಲ್ಲಿ ಬೆಸುಗೆ ಕೂಡುವುದಿಲ್ಲ, ರೋಗ ಕೂರುತ್ತದೆ ಎಂದು. ನಮ್ಮ ಅಜ್ಜಂದಿರು ಮಸೆಯುವ ಮರದ ಮೇಲೆ ಬೆಣಚುಕಲ್ಲಿನ ಪುಡಿ ಉದುರಿಸಿ ಕತ್ತಿಗೆ ಅಲಗು ತರಿಸದೆ ತೋಟಕ್ಕೆ ಇಳಿಯುತ್ತಿರಲಿಲ್ಲ. ಆದರೆ ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಬಂದ ಬಿಟ್ಟಿಗೂ ಅಲಗಿದೆ, ಅದನ್ನೂ ಮಸೆಯಬಹುದು ಎಂಬ ವಿಚಾರವೇ ನಮ್ಮ ತಲೆಗೆ ಬರುವುದಿಲ್ಲ. ನಾವು ತಯಾರಿಸದ ವಸ್ತುವನ್ನು ನಾವು ಸರಿಪಡಿಸಲಾರೆವು ಎಂಬ ನಂಬಿಕೆ ಅಷ್ಟು ಆಳಕ್ಕೆ ಇಳಿದಿದೆ.

ಇತಿಹಾಸ ನೋಡಿದರೆ ಇದು ಕುಲುಮೆಗೆ ಅನ್ಯವಾದ ವಸ್ತುವೇನಲ್ಲ. ಸುರುಳಿ ಬಿಟ್ ಬರುವ ಮುನ್ನ ಲೋಹ ಕೊರೆಯಲು ಕಮ್ಮಾರರು ಉಕ್ಕಿನ ಸರಳಿನ ತುದಿಯನ್ನು ಚಪ್ಪಟೆಯಾಗಿ ಬಡಿದು ತಾವೇ ಬಾಯಿ ಮಾಡಿಕೊಳ್ಳುತ್ತಿದ್ದರು. ಅಮೆರಿಕದ ಸ್ಟೀಫನ್ ಮೋರ್ಸ್ ಎಂಬಾತ 1863ರಲ್ಲಿ ಸುರುಳಿ ಬಿಟ್ಟಿಗೆ ಹಕ್ಕುಪತ್ರ ಪಡೆದ. 1900ರ ಸುಮಾರಿಗೆ ಅದೇ ದೇಶದ ಟೇಲರ್ ಮತ್ತು ವೈಟ್ ಎಂಬಿಬ್ಬರು, ಕೆಂಪಗೆ ಕಾದರೂ ಬೇಗ ಮೆತ್ತಗಾಗದ ಉಕ್ಕನ್ನು ಹದಗೊಳಿಸುವ ಕ್ರಮವನ್ನು ಕಂಡುಕೊಂಡರು. ಅದರ ಸಂತತಿಯೇ ಇಂದು ನಾವು ಎಚ್‌ಎಸ್‌ಎಸ್ ಎಂದು ಕರೆಯುವ ಉಕ್ಕು. ಆಕಾರ ಬದಲಾಯಿತು, ಉಕ್ಕು ಬದಲಾಯಿತು. ಕೊರೆಯುವ ತತ್ತ್ವ ಮಾತ್ರ ಹಳೆಯದೇ. ತುದಿಯಲ್ಲಿ ಎರಡು ಅಲಗುಗಳು, ಅವುಗಳ ಹಿಂದೆ ಇಳಿಜಾರು. ಅಷ್ಟನ್ನು ಅರಿತರೆ ಮಸೆಯುವ ವಿದ್ಯೆಯ ಮುಕ್ಕಾಲು ಪಾಲು ಕೈವಶವಾದಂತೆ.

ಆಚಾರ್ರು ನನಗೂ, ಬೆರಳು ಕಟ್ಟಿಕೊಂಡು ಕುಳಿತಿದ್ದ ಆ ಹುಡುಗನಿಗೂ ಹೇಳಿಕೊಟ್ಟದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತೇನೆ.

ಮೊದಲನೆಯದು ನೋಡುವ ಕೆಲಸ. ಬಿಟ್ಟಿನ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಹರಿತವಾದ ಅಲಗು ಬೆಳಕನ್ನು ಹಿಂದಿರುಗಿಸುವುದಿಲ್ಲ. ಮೊಂಡಾದ ಅಲಗಿನ ಮೇಲೆ ಬಿಳಿಯ ಗೆರೆಯೊಂದು ಹೊಳೆಯುತ್ತದೆ. ಅಲಗು ಹೊರಮೈಯನ್ನು ಸೇರುವ ಮೂಲೆ ಉರುಟಾಗಿದ್ದರೆ, ಆ ಉರುಟು ಪೂರ್ತಿ ಹೋಗುವವರೆಗೂ ಮಸೆಯಬೇಕು.

ಎರಡನೆಯದು ಸಾಣೆಚಕ್ರದ ಸಿದ್ಧತೆ. ಎಚ್‌ಎಸ್‌ಎಸ್ ಬಿಟ್ಟಿಗೆ ಬೂದುಬಣ್ಣದ ಅಥವಾ ಬಿಳಿಯ ಅಲ್ಯುಮಿನಿಯಂ ಆಕ್ಸೈಡ್ ಚಕ್ರ ಸಾಕು. ಹೊಸ ಚಕ್ರವನ್ನು ಹಾಕುವ ಮುನ್ನ ಅದನ್ನು ಬೆರಳಿಗೆ ತೂಗುಬಿಟ್ಟು ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಂಟೆಯಂತೆ ದನಿ ಬಂದರೆ ಸರಿ, ಒಡಕು ದನಿ ಬಂದರೆ ಆ ಚಕ್ರವನ್ನು ಬಳಸಲೇಬಾರದು. ಆಸರೆ ತಟ್ಟೆಗೂ ಚಕ್ರಕ್ಕೂ ನಡುವೆ ಮೂರು ಮಿ.ಮೀ.ಗಿಂತ ಹೆಚ್ಚು ಸಂದು ಇರಬಾರದು. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಇರಲಿ. ಕೈಚೀಲ ಹಾಕಿಕೊಳ್ಳಬೇಡಿ, ಚಕ್ರ ಅದನ್ನು ಸೆಳೆಯುತ್ತದೆ. ಹೆಗಲ ಮೇಲಿನ ಬೈರಾಸನ್ನು ತೆಗೆದಿಟ್ಟು, ಪಂಚೆಯನ್ನು ಬಿಗಿಯಾಗಿ ಕಟ್ಟಿಕೊಂಡು ನಿಲ್ಲಿ. ಚಕ್ರದ ಪಕ್ಕದ ಮೈಗೆ ಎಂದೂ ಒತ್ತಬೇಡಿ. ಅದರ ಅಂಚಿನ ಮೈ ಮಾತ್ರ ಮಸೆಯಲು ಇರುವುದು.

ಮೂರನೆಯದು ಕೋನ. ಸಾಮಾನ್ಯ ಬಿಟ್ಟಿನ ತುದಿಯ ಕೋನ 118 ಡಿಗ್ರಿ. ಆದುದರಿಂದ ಬಿಟ್ಟನ್ನು ಚಕ್ರದ ಮೈಗೆ ಅದರ ಅರ್ಧದಷ್ಟು, ಅಂದರೆ 59 ಡಿಗ್ರಿ ಓರೆಯಲ್ಲಿ ಹಿಡಿಯಬೇಕು. ಆಸರೆ ತಟ್ಟೆಯ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದುಕೊಂಡರೆ ಕೈಗೆ ದಾರಿ ಸಿಗುತ್ತದೆ. ಅಲಗು ನೆಲಕ್ಕೆ ಸಮವಾಗಿ, ಮೇಲ್ಮುಖವಾಗಿ ಇರಲಿ. ಮೊದಲು ಅಲಗೇ ಚಕ್ರವನ್ನು ಮುಟ್ಟಬೇಕು. ಅನಂತರ ಬಿಟ್ಟಿನ ಹಿಂತುದಿಯನ್ನು ನಿಧಾನವಾಗಿ ಕೆಳಗಿಳಿಸುತ್ತ, ಸ್ವಲ್ಪವೇ ಬಲಕ್ಕೆ ಹೊರಳಿಸುತ್ತ ಹೋದರೆ ಅಲಗಿನ ಹಿಂಬದಿ ಸವೆಯುತ್ತದೆ. ಹೀಗೆ ಹಿಂಬದಿಗೆ ಸಿಗುವ 8ರಿಂದ 15 ಡಿಗ್ರಿಯ ಇಳಿಜಾರಿನಲ್ಲಿ ಇಡೀ ಗುಟ್ಟು ಅಡಗಿದೆ. ನಾನು ಮೊದಲು ಮಸೆದ ಬಿಟ್ ಕನ್ನಡಿಯಂತೆ ಹೊಳೆಯುತ್ತಿತ್ತು, ಆದರೆ ಒಂದು ಎಳೆ ಕಬ್ಬಿಣವನ್ನೂ ಕಚ್ಚಲಿಲ್ಲ. ಹಿಂಬದಿ ಅಲಗಿಗಿಂತ ಎತ್ತರವಾಗಿ ಉಳಿದಿತ್ತು. ಹಿಮ್ಮಡಿ ಊರಿದವನ ಉಂಗುಷ್ಟ ನೆಲ ಮುಟ್ಟೀತೇ ಎಂದು ಆಚಾರ್ರು ನಕ್ಕರು.

ನಾಲ್ಕನೆಯದು ಸಮತೂಕ. ಒಂದು ಅಲಗಿಗೆ ಮೂರು ಸಲ ಚಕ್ರ ಮುಟ್ಟಿಸಿದರೆ, ಬಿಟ್ಟನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಂದಕ್ಕೂ ಅಷ್ಟೇ ಒತ್ತಡದಲ್ಲಿ ಮೂರು ಸಲ ಮುಟ್ಟಿಸಿ. ಎರಡು ಅಲಗುಗಳ ಉದ್ದ ಒಂದೇ ಇರಬೇಕು. ಹೆಚ್ಚುಕಡಿಮೆಯಾದರೆ ತುದಿ ನಡುವಿನಿಂದ ಸರಿದು, ತೂತು ಬಿಟ್ಟಿನ ಅಳತೆಗಿಂತ ದೊಡ್ಡದಾಗುತ್ತದೆ. ಕೋನ ಪರೀಕ್ಷಿಸಲು ದುಬಾರಿ ಅಳತೆಗೋಲು ಬೇಡ. ಒಂದೇ ಗಾತ್ರದ, ಆರು ಮೂಲೆಯ ಎರಡು ನಟ್ಟುಗಳ ಚಪ್ಪಟೆ ಮೈಗಳನ್ನು ಒಂದಕ್ಕೊಂದು ಒತ್ತಿ ಹಿಡಿಯಿರಿ. ಅವುಗಳ ನಡುವೆ ಉಂಟಾಗುವ ಕಣಿವೆಯ ಕೋನ 120 ಡಿಗ್ರಿ. ಬಿಟ್ಟಿನ ತುದಿ ಆ ಕಣಿವೆಯಲ್ಲಿ ಬೆಳಕು ನುಸುಳದಂತೆ ಕುಳಿತರೆ ನಮ್ಮ ಕೆಲಸಕ್ಕೆ ಧಾರಾಳವಾಯಿತು. ರೇಖಾಗಣಿತ ಯಾವ ಉಪಯೋಗಕ್ಕೆ ಎಂದು ಕೇಳುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಐದನೆಯದು ಶಾಖ. ಎಚ್‌ಎಸ್‌ಎಸ್ ಉಕ್ಕು ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೂ ತನ್ನ ಗಡಸನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ. ಹಳೆಯ ಕಾಲದ ಸಾದಾ ಉಕ್ಕಿನ ಬಿಟ್ ಹಾಗಲ್ಲ; ನೀಲಿ ಬಣ್ಣ ತಿರುಗಿತೆಂದರೆ ಅದರ ಹದ ಕೆಟ್ಟಿತು. ಯಾವುದೇ ಆಗಲಿ, ಬೆರಳಿಗೆ ಬಿಸಿ ತಡೆಯದಾಗುವ ಮುನ್ನವೇ ನಿಲ್ಲಿಸಿ ತಣಿಯಲು ಬಿಡಿ. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಎಚ್‌ಎಸ್‌ಎಸ್ ಉಕ್ಕಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಮೂಡುತ್ತವೆ.

ಇನ್ನು ಮಸೆದದ್ದು ಸರಿಯಾಯಿತೇ ಎಂಬ ತೀರ್ಪನ್ನು ಕಬ್ಬಿಣವೇ ಹೇಳುತ್ತದೆ. ಎರಡೂ ಕಾಲುವೆಗಳಿಂದ ಸಮನಾದ ಎರಡು ಸುರುಳಿಗಳು ಬಿಚ್ಚಿಕೊಂಡು ಬಂದರೆ ಎರಡು ಅಲಗುಗಳೂ ದುಡಿಯುತ್ತಿವೆ. ಒಂದೇ ಕಡೆ ಸುರುಳಿ ಬಂದರೆ ಒಂದೇ ಅಲಗು ದುಡಿಯುತ್ತಿದೆ. ಬರೀ ಪುಡಿ ಉದುರಿದರೆ ಇನ್ನೊಮ್ಮೆ ಸಾಣೆಗೆ ಹೋಗಬೇಕು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾವೂ ಹಾಗೆಯೇ ಬಿಟ್ ಕಳಪೆ, ಕಬ್ಬಿಣ ಗಟ್ಟಿ ಎಂದು ದೂರುತ್ತೇವೆ. ಬಹಳ ಸಲ ಬಿಟ್ಟನ್ನು ಕೊಲ್ಲುವುದು ನಮ್ಮ ವೇಗ. ಸಾಧಾರಣ ಕಬ್ಬಿಣದಲ್ಲಿ ಹತ್ತು ಮಿ.ಮೀ. ಬಿಟ್ಟಿಗೆ ನಿಮಿಷಕ್ಕೆ 800 ಸುತ್ತು ಸಾಕು, ಐದು ಮಿ.ಮೀ.ಗೆ 1,600. ನಮ್ಮ ಕೈ ಡ್ರಿಲ್‌ಗಳು ಪೂರ್ತಿ ಗುಂಡಿ ಒತ್ತಿದರೆ 2,500ಕ್ಕೂ ಮಿಕ್ಕಿ ಸುತ್ತುತ್ತವೆ. ನಿಧಾನವಾಗಿ ತಿರುಗಿಸಿ, ದೊಡ್ಡ ತೂತಿಗೆ ಮೊದಲು ಸಣ್ಣ ತೂತು ಕೊರೆದು, ಆಗಾಗ ಒಂದು ತೊಟ್ಟು ಎಣ್ಣೆ ಬಿಟ್ಟರೆ ಅಲಗು ಬಹುಕಾಲ ಬಾಳುತ್ತದೆ. ಮತ್ತು ದಯವಿಟ್ಟು, ಕೊರೆಯುವ ವಸ್ತುವನ್ನು ವೈಸಿಗೆ ಕಚ್ಚಿಸಿ. ಯಾವ ಮಗುವಿನ ಕೈಗೂ ಕೊಡಬೇಡಿ.

ಇಷ್ಟನ್ನು ಪರಿಸರದ ಪತ್ರಿಕೆಯಲ್ಲಿ ಏಕೆ ಬರೆಯಬೇಕು? ಇದಕ್ಕೆ ಉತ್ತರ ಕುದುರೆಮುಖದಲ್ಲಿದೆ. ಅಲ್ಲಿನ ಬೆಟ್ಟಗಳನ್ನು ಅಗೆದು, ಕಬ್ಬಿಣದ ಅಂಶ ಕಡಿಮೆಯಿದ್ದ ಅದಿರನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ ಸುಮಾರು 67 ಕಿ.ಮೀ. ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದ ಕಾಲವನ್ನು ನಮ್ಮ ಹಿರಿಯ ಓದುಗರು ಮರೆತಿರಲಾರರು. ಸರ್ವೋಚ್ಚ ನ್ಯಾಯಾಲಯ 2002ರ ಅಕ್ಟೋಬರಿನಲ್ಲಿ ನೀಡಿದ ತೀರ್ಪಿನ ಫಲವಾಗಿ 2005ರ ಕೊನೆಗೆ ಆ ಗಣಿಗಾರಿಕೆ ನಿಂತಿತು. ಅದಿರು ಹೋದ ಮೇಲೆ ಉಳಿದ ಹೂಳು ಲಕ್ಯಾ ಅಣೆಕಟ್ಟಿನ ಹಿಂದೆ ಇಂದಿಗೂ ತುಂಬಿಕೊಂಡಿದೆ. ಭದ್ರೆಯನ್ನು ಉಳಿಸಿ ಎಂದು ಅಂದು ಹೆಜ್ಜೆ ಹಾಕಿದವರಲ್ಲಿ ನಮ್ಮ ಬಳಗದ ಹಲವರೂ ಇದ್ದರು.

ಆ ಗಣಿ ನಿಂತಿತು. ನಮ್ಮ ಉಕ್ಕಿನ ಬಳಕೆ ನಿಂತಿಲ್ಲ. ಗಣಿ ಬೇರೆಯವರ ಬೆಟ್ಟಕ್ಕೆ ಸರಿಯಿತು, ಅಷ್ಟೇ. ಬಿಟ್ಟಿನ ಉಕ್ಕಿನಲ್ಲಿ ಕಬ್ಬಿಣ ಮಾತ್ರವಲ್ಲ, ಬೇರೆ ಲೋಹಗಳೂ ಇವೆ. ಎಂ2 ಎಂಬ ಸಾಮಾನ್ಯ ಜಾತಿಯಲ್ಲಿ ಶೇಕಡಾ ಆರರಷ್ಟು ಟಂಗ್‌ಸ್ಟನ್, ಐದರಷ್ಟು ಮಾಲಿಬ್ಡಿನಂ, ನಾಲ್ಕರಷ್ಟು ಕ್ರೋಮಿಯಂ, ಎರಡರಷ್ಟು ವೆನೇಡಿಯಂ ಇರುತ್ತದೆ. ಜಗತ್ತಿನ ಟಂಗ್‌ಸ್ಟನ್‌ನ ಬಹುಪಾಲು ಚೀನಾದ ಗಣಿಗಳಿಂದ ಬರುತ್ತದೆ. ನಾವು ನೋಡದ ಬೆಟ್ಟಗಳು, ನಾವು ಹೆಸರು ಕೇಳದ ಹೊಳೆಗಳು ನಮ್ಮ ಗುಜರಿ ಡಬ್ಬಿಯಲ್ಲಿ ಬಿದ್ದಿವೆ. ಹತ್ತು ಮಿ.ಮೀ. ಬಿಟ್ಟಿನ ಒಟ್ಟು ಉದ್ದ 133 ಮಿ.ಮೀ., ಅದರಲ್ಲಿ ಸುರುಳಿಯ ಭಾಗವೇ 87 ಮಿ.ಮೀ. ಒಂದು ಸಲ ಮಸೆದರೆ ಹೋಗುವುದು ಹೆಚ್ಚೆಂದರೆ ಒಂದು ಮಿಲಿಮೀಟರು. ಹಾಗಿರುವಾಗ ತುದಿಯ ಒಂದು ಮಿಲಿಮೀಟರು ಮೊಂಡಾಯಿತೆಂದು ಉಳಿದ 132ನ್ನು ಎಸೆಯುವುದು ಯಾವ ನ್ಯಾಯ? ನಮ್ಮ ಬೆಟ್ಟವನ್ನು ಅಗೆಯಬೇಡಿ ಎಂದು ಕೂಗುವ ಬಾಯಿಗೆ ಈ ಪ್ರಶ್ನೆಯನ್ನು ಎದುರಿಸುವ ಹೊಣೆಯೂ ಇದೆ.

ಬಳಗದ ಕಿರಿಯ ಮಿತ್ರರೊಬ್ಬರು ಇದಕ್ಕೆ ಆಕ್ಷೇಪವೆತ್ತಿದರು. ಒಂದು ಬಿಟ್ ಮಸೆದರೆ ಯಾವ ಬೆಟ್ಟವೂ ಉಳಿಯುವುದಿಲ್ಲ, ದೊಡ್ಡ ಕೈಗಾರಿಕೆಗಳನ್ನು ಬಿಟ್ಟು ಬಡರೈತನ ಡಬ್ಬಿ ಹುಡುಕುವುದು ಸರಿಯಲ್ಲ ಎಂದರು. ಅವರ ಮಾತಿನಲ್ಲಿ ಸತ್ಯವಿದೆ. ಗಣಿಯ ವಿರುದ್ಧದ ಹೋರಾಟವನ್ನು ಸಾಣೆಚಕ್ರದ ಮುಂದೆ ಕುಳಿತು ಗೆಲ್ಲಲಾಗದು. ಅದು ಬೀದಿಯಲ್ಲಿ, ಗ್ರಾಮಸಭೆಯಲ್ಲಿ, ನ್ಯಾಯಾಲಯದಲ್ಲಿ ನಡೆಯಬೇಕಾದದ್ದು. ಎಲ್ಲವನ್ನೂ ಮಸೆಯಬೇಕೆಂದೂ ನಾನು ಹೇಳುವುದಿಲ್ಲ. ಮೂರು ಮಿ.ಮೀ.ಗಿಂತ ಸಣ್ಣ ಬಿಟ್ಟಿಗೆ ಕಣ್ಣೂ ಕೈಯೂ ಸಾಲವು. ಗೋಡೆ ಕೊರೆಯುವ ಬಿಟ್ಟಿನ ತುದಿಯಲ್ಲಿ ಕೂರಿಸಿರುವ ಕಾರ್ಬೈಡ್ ತುಣುಕು ನಮ್ಮ ಸಾದಾ ಚಕ್ರಕ್ಕೆ ಜಗ್ಗದು. ಅದಕ್ಕೆ ಹಸಿರು ಚಕ್ರವೋ ವಜ್ರದ ಚಕ್ರವೋ ಬೇಕು, ಅದರ ಧೂಳೂ ಶ್ವಾಸಕೋಶಕ್ಕೆ ಕೇಡು. ಮಸೆಯುತ್ತ ಹೋದಂತೆ ಬಿಟ್ಟಿನ ನಡುದಿಂಡು ದಪ್ಪವಾಗಿ, ಒಂದು ದಿನ ಅದು ನಿಜವಾಗಿಯೂ ಗುಜರಿಗೆ ಸಲ್ಲುತ್ತದೆ. ಅದು ತುಂಬುಬಾಳು ಬಾಳಿ ಸತ್ತ ಸಾವು. ಅದಕ್ಕೆ ಯಾರೂ ಮರುಗಬೇಕಾಗಿಲ್ಲ.

ಆದರೆ ಮಸೆಯುವುದರಿಂದ ಉಳಿಯುವುದು ಉಕ್ಕು ಮಾತ್ರವಲ್ಲ. ಆಚಾರ್ರ ಕುಲುಮೆ ತಣ್ಣಗಾದ ದಿನ ನಮ್ಮೂರಿನಿಂದ ಒಂದು ವಿದ್ಯೆ ಹೊರಟುಹೋಯಿತು. ಸಣ್ಣ ಕೆಲಸಕ್ಕೂ ಪೇಟೆಯನ್ನು ಕಾಯುವವರಾದೆವು. ಬೆಟ್ಟದ ಮೇಲೆ ಬಾಳಬೇಕೆನ್ನುವವರು ತಮ್ಮ ಸಲಕರಣೆಯನ್ನು ತಾವೇ ನೋಡಿಕೊಳ್ಳಲಾರದೆ ಹೋದರೆ, ರಸ್ತೆ ಅಗಲವಾಗಲಿ, ಅಂಗಡಿ ಹತ್ತಿರ ಬರಲಿ, ಎಲ್ಲವೂ ಬರಲಿ ಎಂದು ನಾವೇ ಬೇಡತೊಡಗುತ್ತೇವೆ. ಆಗ ಆ ರಸ್ತೆಗಾಗಿ ಉರುಳುವ ಮರಗಳ ಪರ ಮಾತನಾಡಲು ನಮ್ಮ ನಾಲಗೆಯೂ ಮೊಂಡಾಗುತ್ತದೆ. ದುರಸ್ತಿಯ ವಿದ್ಯೆ ಗುಡ್ಡಗಾಡಿನ ಜನರಿಗೆ ಹವ್ಯಾಸವಲ್ಲ, ಸ್ವಾತಂತ್ರ್ಯದ ಒಂದು ಭಾಗ.

ಆ ಹುಡುಗನ ಗಾಯ ಮಾಗಿದೆ. ಹೆಬ್ಬೆರಳಿನ ತುದಿಯ ಸ್ಪರ್ಶ ಮಾತ್ರ ಪೂರ್ತಿ ಮರಳಿಲ್ಲ. ಅದನ್ನು ನೋಡಿದಾಗಲೆಲ್ಲ ನನ್ನ ತಲೆ ತಗ್ಗುತ್ತದೆ. ಅವನನ್ನು ಸೀಳಿದ ಬಿಟ್ಟನ್ನು ಎಸೆಯೋಣವೆಂದು ನಾನಂದಾಗ ಅವನು ಒಪ್ಪಲಿಲ್ಲ. "ಅದರದ್ದೇನು ತಪ್ಪು ಮಾವ?" ಎಂದು, ಆಚಾರ್ರ ಮುಂದೆ ಕುಳಿತು ತಾನೇ ಅದನ್ನು ಮಸೆದ. ಟರ್ಬೈನಿನ ಪೀಠದ ಉಳಿದೆರಡು ತೂತುಗಳನ್ನು ಕೊರೆದದ್ದು ಅದೇ ಬಿಟ್ಟಿನಿಂದ. ಪಟ್ಟಿಯನ್ನು ಈ ಸಲ ವೈಸಿಗೆ ಕಚ್ಚಿಸಿದ್ದೆವು.

ನವರಾತ್ರಿಯಲ್ಲಿ ನಾವು ಆಯುಧಗಳನ್ನು ತೊಳೆದು ಕುಂಕುಮ ಹಚ್ಚುತ್ತೇವೆ. ಮೊಂಡು ಆಯುಧಕ್ಕೆ ಹೂವೇರಿಸಿದರೆ ಪೂಜೆ ಅರ್ಧವೇ ಆಯಿತು. ಆದ್ದರಿಂದ ಈ ಸಲ ನವರಾತ್ರಿಗೆ ಹಿಂದಿನ ಭಾನುವಾರ ಬಳಗದ ತಿಂಗಳ ಸಭೆಯನ್ನು ಮಸೆಯುವ ಸಭೆಯನ್ನಾಗಿ ಮಾಡೋಣವೆಂದು ತೀರ್ಮಾನಿಸಿದ್ದೇವೆ. ಆಚಾರ್ರು ಬರಲು ಒಪ್ಪಿದ್ದಾರೆ. ಬರುವಾಗ ಮನೆಯಲ್ಲಿರುವ ಮೊಂಡು ಬಿಟ್‌ಗಳನ್ನೂ ಒಂದೇ ಗಾತ್ರದ ಎರಡು ನಟ್ಟುಗಳನ್ನೂ ತನ್ನಿ. ವಿದ್ಯಾರ್ಥಿಗಳು ಕನ್ನಡಕ ಮರೆಯಬಾರದು. ಅಲ್ಲಿಯವರೆಗೆ ಒಂದೇ ವಿನಂತಿ: ಗುಜರಿಯವನು ಮನೆಬಾಗಿಲಿಗೆ ಬಂದರೆ, ಆ ಡಬ್ಬಿಯೊಂದನ್ನು ಮಾತ್ರ ಕೊಡಬೇಡಿ.